ಮಡ್ಡಿಯ ಮೇಲಿನ ನಾಲ್ಕು ಸಾಲು

ಹೋದ ವಾರ ಅಥಣಿ ಸಂತೆಯಲ್ಲಿ ಕಾಲು ಕಿಲೋ ಮನೂಕ ಕೊಂಡೆ. ನಮ್ಮ ಕಡೆ ಒಣದ್ರಾಕ್ಷಿಗೆ ಮನೂಕ ಅನ್ನುತ್ತಾರೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಸಿಹಿಯ ಜೊತೆಗೇ ಸಣ್ಣಗೆ ಎಣ್ಣೆಯ ವಾಸನೆ, ಬಿಸಿಗಾಳಿಯ ವಾಸನೆ. ಎಣ್ಣೆ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರವಿ ಒಣಗಿಸಿದ ಹಣ್ಣಿಗೆ ಮಾತ್ರ ಇರುವಂಥದ್ದು. ಪೊಟ್ಟಣ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇಬಿಟ್ಟೆ... ಐಗಳಿಯ ಆಯಿ ನೆನಪಾದರು.

ಎಂಬತ್ತರ ದಶಕದ ಕೊನೆಯಲ್ಲಿ ಐಗಳಿಯ ಶಾಲೆಗೆ ಮಾಸ್ತರನಾಗಿ ಹೋದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಆಯಿಯ ಮನೆಯ ಒಂದು ಕೋಣೆ. ಒಬ್ಬಳೇ ಮಗಳನ್ನು ಕಾಗವಾಡಕ್ಕೆ ಕೊಟ್ಟ ಮೇಲೆ ಅದು ಖಾಲಿ ಇತ್ತು. ಆಯಿ ಜೈನರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದರು. ನಾನು ತಡವಾಗಿ ಬಂದರೆ ಮುಚ್ಚಿಟ್ಟ ರೊಟ್ಟಿ ತೋರಿಸಿ, “ಮಾಸ್ತರ, ಇವತ್ತ ಸೂರ್ಯಾ ನಿಮ್ಮಕಿಂತ ಲಗೂ ಮನಿಗಿ ಹೋದ ನೋಡ್ರಿ” ಅನ್ನುತ್ತಿದ್ದರು.

ಆಸ್ತಿ ಪಾಲಾದಾಗ ಮೈದುನರು ಕಪ್ಪು ಮಣ್ಣಿನ ಎರಿ ಭೂಮಿಯನ್ನು ತಮಗಿಟ್ಟುಕೊಂಡು ಆಯಿಗೆ ಊರಾಚೆಯ ಮಡ್ಡಿ ಬಿಟ್ಟಿದ್ದರಂತೆ. ಗುಡ್ಡದ ಇಳಿಜಾರು, ಮೊಳಕಾಲುದ್ದಕ್ಕೆ ಅಗೆದರೂ ಬರೀ ಕೆಂಪು ಮುರುಮು, ಕಲ್ಲುಪುಡಿ. ಸಜ್ಜೆಯೂ ನೆಟ್ಟಗೆ ಬರುತ್ತಿರಲಿಲ್ಲ. ಆಯಿ ತವರಿನಿಂದ, ಸಾಂಗಲಿ ಕಡೆಯಿಂದ, ದ್ರಾಕ್ಷಿಯ ಕಡ್ಡಿ ತಂದರು. ಹಾರೆ ಹಿಡಿದು ಆಳುಗಳ ಜೊತೆ ತಾವೂ ಗುಣಿ ತೋಡಿದರು. ಹಳ್ಳದ ಮಣ್ಣನ್ನು ಕತ್ತೆಗಳ ಮೇಲೆ ಹೇರಿಸಿ ತುಂಬಿದರು. ಬಾವಿಯ ನೀರನ್ನು ಕೊಡದಲ್ಲಿ ಹೊತ್ತರು. ಊರು ನಕ್ಕಿತು. ಹಣ್ಣು ಬಂದ ವರ್ಷ ಮೈದುನರೇ ಬುಟ್ಟಿ ಹಿಡಿದುಕೊಂಡು ಬಂದರಂತೆ.

ನಾನು ಸದಲಗಾ ಕಡೆಯವನು. ದೂಧಗಂಗೆಯ ದಂಡೆಯಲ್ಲಿ ಕಬ್ಬು ನೋಡಿ ಬೆಳೆದವನಿಗೆ ನೀರು ಹೆಚ್ಚಾದಷ್ಟೂ ಬೆಳೆ ಚೆನ್ನ ಅನ್ನುವುದೊಂದೇ ಗೊತ್ತು. ಈ ಕಲ್ಲಿನಲ್ಲಿ ಇಷ್ಟು ಸಿಹಿ ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದೆ.

“ಎರಿಯೊಳಗ ಬಳ್ಳಿ ಸೊಕ್ಕತೈತ್ರಿ, ಬರೇ ಎಲಿ ಬಿಡತೈತಿ,” ಅಂದರು ಆಯಿ. “ಇಲ್ಲಿ ನೀರ ನಿಲ್ಲೂದಿಲ್ಲ. ಬೇರ ಕಲ್ಲಿನ ಸಂದಿ ಹುಡಕ್ಕೋಂತ ಕೆಳಗ ಹೋಗಬೇಕ. ಹಣ್ಣ ಸಣ್ಣದಾಕ್ಕೈತಿ, ರುಚಿ ಗಟ್ಟಿ ಇರತೈತಿ.”

ಇಳಿಜಾರಿನ ನೆತ್ತಿಯಲ್ಲಿದ್ದ ನಾಲ್ಕು ಸಾಲುಗಳ ಹಣ್ಣು ಎಲ್ಲಕ್ಕಿಂತ ಸಣ್ಣದು. ಅಲ್ಲಿ ಹಗಲು ಕಲ್ಲು ಕಾಯುತ್ತಿತ್ತು, ಸಂಜೆಯಾದರೆ ಪಡುವಣ ಗಾಳಿ ಬಂದು ಎಲ್ಲವನ್ನೂ ತಣ್ಣಗೆ ಮಾಡುತ್ತಿತ್ತು. ಸಾಂಗಲಿ, ತಾಸಗಾಂವ ಕಡೆಯ ವ್ಯಾಪಾರಿಗಳು ಶೆಡ್ಡಿಗೆ ಬಂದು “ಮಡ್ಡಿ ಮನೂಕ” ಎಂದೇ ಕೇಳುತ್ತಿದ್ದರು.

ಒಂದು ಫೆಬ್ರವರಿಯಲ್ಲಿ ಗಡಿಯಾಚೆಯಿಂದ ಒಬ್ಬ ಮನುಷ್ಯ ಬಂದ. ವೈನ್ ಮಾಡುವವನು. ಅಂದು ಭಾನುವಾರ, ನಾನೂ ಪಡದಲ್ಲಿದ್ದೆ. ನಮ್ಮಲ್ಲಿ ದ್ರಾಕ್ಷಿ ತೋಟಕ್ಕೆ ಪಡ ಅನ್ನುವುದು. ಆತ ಹಣ್ಣು ತಿಂದ, ಬೀಜ ಇದೆಯೋ ಇಲ್ಲವೋ ಎಂದು ಕೂಡ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಮುರುಮು ಎತ್ತಿ ನಾಲಿಗೆಯ ಮೇಲೆ ಇಟ್ಟುಕೊಂಡ. ಆಯಿ ದಂಗಾಗಿ ನಿಂತರು.

“ಆಯಿ, ಮ್ಯಾಲಿನ ನಾಕ ಸಾಲ ನನಗ ಕೊಡ್ರಿ.”

“ಏನ ಮಾಡತೀರಿ?”

“ವೈನ್.”

“ಅಯ್ಯ... ಸೆರೆ ಮಾಡತೀರಿ?” ಆಯಿ ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡರು.

“ಸೆರೆ ಅಲ್ರಿ. ಈ ಮಡ್ಡೀನ ಬಾಟ್ಲಿಯೊಳಗ ಇಡತೀನಿ. ಬಾಟ್ಲಿ ಮ್ಯಾಲ ಮಡ್ಡೀ ಹೆಸರ ಬರಸ್ತೀನಿ.”

ಎರಡು ದಿನ ಆಯಿ ಮಡ್ಡಿಗೂ ಮನೆಗೂ ಓಡಾಡಿದರು. ಮೂರನೆಯ ದಿನ ಬಸದಿಗೆ ಹೋಗಿ ಬಂದು, ಕಟ್ಟೆಯ ಮೇಲೆ ಕೂತು, “ಕೊಡತೀನ್ರಿ ಮಾಸ್ತರ” ಅಂದರು. “ತಪ್ಪೋ ಏನೋ ತಿಳೀವಲ್ದು. ಆದ್ರ ಇಷ್ಟ ವರ್ಷದಾಗ ನನ್ನ ಮಣ್ಣ ಬಾಯಾಗ ಇಟ್ಕೊಂಡಾವ ಅಂವ ಒಬ್ಬನ.”

ಮರುವರ್ಷ ಹಣ್ಣಿನ ಹಂಗಾಮಿಗೆ ಮೊದಲೇ ಆತ ಆ ಸಾಲುಗಳ ಹಣ್ಣಿನಿಂದ ಮಾಡಿದ ಒಂದು ಬಾಟಲಿ ತಂದುಕೊಟ್ಟು, ನಾಲ್ಕು ದಿನ ಬಿಟ್ಟು ಬರುತ್ತೇನೆ ಎಂದು ಹೋದ. ಮಧ್ಯಾಹ್ನ ಆಯಿ ಮುಂಬಾಗಿಲು ಹಾಕಿ ಚಿಲಕ ಹಾಕಿದರು. ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ತಂದು ನನ್ನ ಮುಂದಿಟ್ಟರು.

“ನಾ ಮುಟ್ಟಾಂಗಿಲ್ಲ. ನೀವ ಕುಡದ ಹೇಳ್ರಿ, ನನ್ನ ಪಡ ಹೆಂಗೈತಿ?”

ನಾನೂ ಎಂದೂ ಮುಟ್ಟಿದವನಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಹುಳಿ, ಒಗರು. ಮುಖ ಕಿವುಚಿಕೊಂಡೆ.

“ಸಿಹಿ ಐತೇನ್ರಿ?”

“ಇಲ್ರಿ ಆಯಿ. ಬರೇ ಹುಳಿ.”

ಅಂದುಬಿಟ್ಟೆ. ಆದರೆ ನುಂಗಿದ ಮೇಲೆ ಬಾಯಲ್ಲಿ ಮತ್ತೇನೋ ಎದ್ದಿತು. ಕಾದ ಮುರುಮಿನ ಮೇಲೆ ಮೊದಲ ಮಳೆ ಹನಿ ಬಿದ್ದಾಗ ಮಡ್ಡಿಯಿಂದ ಏಳುತ್ತದಲ್ಲ, ಅದೇ ಘಮ, ಮಾತು ನಿಂತ ಮೇಲೂ ಬಹಳ ಹೊತ್ತು ಇತ್ತು. ಹೇಳಬೇಕೆಂದುಕೊಂಡೆ. ಹೇಳಿದರೆ ಮಾಸ್ತರನಿಗೆ ಸೆರೆ ರುಚಿಸಿತು ಎಂದಾಗುತ್ತದೆ. ಊರಲ್ಲಿ ಮಕ್ಕಳಿಗೆ ಪಾಠ ಹೇಳುವವನು ನಾನು... ಬಾಯಿ ತೊಳೆದುಕೊಂಡು ಎದ್ದೆ. ಆಯಿ ಬಾಟಲಿಯನ್ನು ನೋಡುತ್ತ ಕೂತೇ ಇದ್ದರು.

ನಾಲ್ಕು ದಿನ ಬಿಟ್ಟು ಆತ ಬಂದಾಗ ಆಯಿ ಅಂಗಳದಲ್ಲೇ ನಿಲ್ಲಿಸಿ ಕೇಳಿದರು. “ಬಂಗಾರದಂಥ ಹಣ್ಣ ಕೊಟ್ಟಿದ್ದೆ. ನನ್ನ ಪಡದ ಸಿಹಿ ಎಲ್ಲಿ ಕಳದ್ರಿ?”

“ಸಿಹಿ ಎಲ್ಲಾ ಹುದುಗ ಬಂದಾಗ ಹೋಕ್ಕೈತ್ರಿ ಆಯಿ. ಅದ ಹೋದ ಮ್ಯಾಲ ಉಳಿಯೂದ ನಿಮ್ಮ ಮಣ್ಣ. ಅದನ್ನ ಹಿಡಿಯಾಕನ ನಾ ಇಷ್ಟ ದೂರ ಬಂದದ್ದು.” ಆತ ನನ್ನ ಕಡೆ ತಿರುಗಿದ. “ಮಾಸ್ತರ, ನೀವ ಕುಡದೀರಂತ. ಕಡೀಕ ಏನೂ ಉಳೀಲಿಲ್ಲೇನ್ರಿ ಬಾಯಾಗ?”

ಆಯಿಯೂ ನನ್ನನ್ನೇ ನೋಡಿದರು. ಅಷ್ಟರಲ್ಲಿ ಪಕ್ಕದ ಮನೆಯವರು ಕಟ್ಟೆಗೆ ಬಂದು ನಿಂತಿದ್ದರು.

“ಏನೂ ಇಲ್ರಿ,” ಅಂದೆ.

ಆತ ಆಯಿಗೆ ಕೈಮುಗಿದು ಹೋದ, ಮತ್ತೆ ಬರಲಿಲ್ಲ. ಆ ನಾಲ್ಕು ಸಾಲೂ ಶೆಡ್ಡಿಗೆ ಹೋಗಿ ಮನೂಕ ಆದವು. ಆಯಿ ಮೇಲಿನ ಸಾಲುಗಳ ಬಳ್ಳಿ ಸವರುವ ಚಾಟನಿಗೆ ಮಾತ್ರ ಆಮೇಲೆ ತಾವು ಕತ್ತರಿ ಹಿಡಿದು ಹೋಗುವುದನ್ನು ಬಿಟ್ಟರು, ಆಳುಗಳನ್ನು ಕಳಿಸುತ್ತಿದ್ದರು. ಮೊದಲು ಆ ಬಳ್ಳಿಗಳಿಗೆ ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ.

ತೊಂಬತ್ತೆರಡರ ಸುಮಾರಿಗೆ ನನಗೆ ರಾಯಬಾಗ ತಾಲೂಕಿನ ದಿಗ್ಗೇವಾಡಿಗೆ ವರ್ಗವಾಯಿತು. ಎರಡು ಮೂರು ವರ್ಷದಲ್ಲಿ ಆಯಿ ಹೋದರೆಂಬ ಸುದ್ದಿ ಬಂತು. ಮಗಳು ಪಾಲು ಕೇಳಲಿಲ್ಲ, ಮಡ್ಡಿ ಮೈದುನರ ಮಕ್ಕಳ ಕೈಗೆ ಹೋಯಿತು. ಅವರು ಬಳ್ಳಿ ಕಿತ್ತು, ರಸ್ತೆ ಕೆಲಸಕ್ಕೆ ಮುರುಮು ತೋಡಿ ಮಾರಿದರು. ಈಗ ಅಲ್ಲಿ ಇಳಿಜಾರೇ ಇಲ್ಲ, ಒಂದು ದೊಡ್ಡ ತಗ್ಗು.

ನಿವೃತ್ತಿಯಾದ ಮೇಲೆ ಮಗನ ಗೆಳೆಯನೊಬ್ಬನ ಮನೆಯಲ್ಲಿ ವೈನ್ ಬಲ್ಲವರ ಮಾತು ಕೇಳಿದೆ. ಒಳ್ಳೆಯದರಲ್ಲಿ ಸಿಹಿ ಇರಬೇಕೆಂದೇನಿಲ್ಲ, ಕಡೆಗೆ ಬಾಯಲ್ಲಿ ನೆಲದ ಗುರುತು ಉಳಿಯಬೇಕು ಅನ್ನುತ್ತಿದ್ದರು. ನನಗೆ ಅಲ್ಲಿ ಕೂತಿರಲು ಆಗಲಿಲ್ಲ.

ಮೊನ್ನೆ ಕಾಗವಾಡಕ್ಕೆ ಹೋಗಿ ಆಯಿಯ ಮಗಳನ್ನು ಕಂಡೆ. ಅವರಿಗೂ ತಲೆ ಬೆಳ್ಳಗಾಗಿದೆ. ಚಹಾ ಕೊಟ್ಟರು. ಬಾಟಲಿಯ ಕತೆಯನ್ನೆಲ್ಲ ಹೇಳಿದೆ, ಅಂದು ನುಂಗಿಕೊಂಡಿದ್ದ ಮಾತನ್ನೂ ಹೇಳಿದೆ. ಮೊದಲ ಮಳೆಯ ಘಮ ಇತ್ತಮ್ಮಾ, ಮಡ್ಡಿಯದೇ ಘಮ, ಅಂದೆ. ಅವರು ನನ್ನ ಖಾಲಿ ಕಪ್ಪು ಎತ್ತಿಕೊಂಡರು.

“ಅವ್ವಗ ಹೇಳಬೇಕಿತ್ರಿ ಸರ,” ಅಂದರು.