ನಾನು ಹೇಳದೆ ಜಿಗಿದ ಕಾಲು

ದೀಪಾವಳಿಗೆ ಎರಡು ದಿನ ಇರುವಾಗ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಬಾಗಿಲಿಗೆ ಆಕಾಶಬುಟ್ಟಿ ಕಟ್ಟಲು ಏಣಿ ಹತ್ತಿದ್ದೆ. ಹತ್ತು ಅಂತ ಯಾರೂ ಹೇಳಿರಲಿಲ್ಲ. ಏಣಿ ಜಾರಿ, ಮೆಟ್ಟಿಲಿನ ಅಂಚಿಗೆ ಬೆನ್ನು ಬಡಿಯಿತು. ನೋವಿಗಿಂತ ಹೆಚ್ಚು ಹೆದರಿಸಿದ್ದು ಬೇರೆಯೇ. ಯಾರೋ ನನ್ನ ಚಪ್ಪಲಿ ಕಳಚುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ತಿಳಿಯುತ್ತಿರಲಿಲ್ಲ.

ನಾಲ್ಕು ಜನ ನನ್ನನ್ನು ಎತ್ತಲು ಬಂದರು. ಕೆಳಗಿನ ಮನೆಯ ನಿವೃತ್ತ ಟೀಚರಮ್ಮ ಅವರನ್ನೆಲ್ಲ ಮರಾಠಿಯಲ್ಲಿ ಗದರಿ ನಿಲ್ಲಿಸಿದರು. ತಮ್ಮ ಮನೆಯ ಮಂಚದ ಹಲಗೆ ತರಿಸಿ, ಮೈ ತಿರುಚದಂತೆ ಅದರ ಮೇಲೆ ಮಲಗಿಸಿ ಆಂಬುಲೆನ್ಸ್ ಹತ್ತಿಸಿದರು. ಆವತ್ತು ನನ್ನನ್ನು ರಿಕ್ಷಾದಲ್ಲಿ ಮಡಚಿ ಕೂರಿಸಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂದು ಆಮೇಲೆ ಡಾಕ್ಟರ್ ಹೇಳಿದರು.

ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬೆನ್ನಿನ ನಡುಭಾಗದ ಒಂದು ಎಲುಬು ಒಡೆದು, ಅದರ ಚೂರು ಬೆನ್ನುಹುರಿಯನ್ನು ಒತ್ತಿತ್ತು. ಚೂರು ತೆಗೆದರು. ಕಾಲುಗಳು ಮಾತ್ರ ಬೇರೆ ಯಾರದೋ ಕಾಲುಗಳ ಹಾಗೆ ಹಾಸಿಗೆಯ ಮೇಲೆ ಬಿದ್ದಿದ್ದವು. ಉಡುಪಿ ಕಡೆಯ ಒಬ್ಬ ಯುವ ಡಾಕ್ಟರ್ ದಿನಾ ಬಂದು ರಬ್ಬರಿನ ಸುತ್ತಿಗೆಯಿಂದ ನನ್ನ ಮೊಣಕಾಲಿನ ಕೆಳಗೆ ತಟ್ಟುತ್ತಿದ್ದಳು. ಏನೂ ಆಗುತ್ತಿರಲಿಲ್ಲ. "ಪೆಟ್ಟು ಬಿದ್ದ ಮೇಲೆ ಹುರಿ ಸ್ವಲ್ಪ ಕಾಲ ಮಂಕಾಗ್ತದೆ, ಕಾಯುವ" ಅನ್ನುತ್ತಿದ್ದಳು.

ನನ್ನ ಹೆಂಡತಿ ಧಾರವಾಡದವಳು. ಬೆಳಿಗ್ಗೆ ಅಡುಗೆ ಮುಗಿಸಿ, ಡಬ್ಬಿ ಹಿಡಿದು, ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ದಿನಾ ಬರುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಪಕ್ಕದಲ್ಲೇ ಇದ್ದಾಗ ಡಾಕ್ಟರ್ ತಟ್ಟಿದಳು. ಕಾಲು ಜಿಗಿಯಿತು.

"ಆಡಿಸಿದ್ರಲ್ರೀ ಕಾಲು" ಅಂತ ಹೆಂಡತಿ ನನ್ನ ಕೈ ಹಿಡಿದು ಅಳತೊಡಗಿದಳು.

"ನಾ ಆಡಿಸಿಲ್ಲ" ಅಂದೆ. ನಿಜವಾಗಿಯೂ ನನಗೆ ಗೊತ್ತೇ ಆಗಿರಲಿಲ್ಲ. ಸುತ್ತಿಗೆಯ ಪೆಟ್ಟೂ ತಿಳಿದಿರಲಿಲ್ಲ.

ಹೆಂಡತಿ ಡಾಕ್ಟರ ಮುಖ ನೋಡಿದಳು. ಆ ಹುಡುಗಿ ಹಾರಿಕೆಯ ಉತ್ತರ ಕೊಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಸ್ಟೂಲ್ ಎಳೆದು ಕೂತಳು.

"ಅಕ್ಕಾ, ಬಿಸಿ ಕಾವಲಿಗೆ ಕೈ ತಾಗಿದ್ರೆ ನೀವು ಯೋಚನೆ ಮಾಡಿ ಕೈ ಎಳೀತೀರಾ?"

"ಇಲ್ರಿ. ತಾನ ಹಿಂದ ಬರ್ತದ. ಸುಟ್ಟಿದ್ದು ಆಮ್ಯಾಲೆ ಗೊತ್ತಾಗ್ತದ."

"ಅದೇ. ಸುದ್ದಿ ಮೆದುಳಿನವರೆಗೆ ಹೋಗುವ ಮೊದಲೇ ಬೆನ್ನುಹುರಿಯೇ ಕೆಲಸ ಮುಗಿಸ್ತದೆ. ಹುರಿ ಅಂದ್ರೆ ಕಿರುಬೆರಳಿನಷ್ಟು ದಪ್ಪ, ಅಷ್ಟೇ. ಅದರ ಹಿಂಬದಿಯಿಂದ ಸುದ್ದಿ ಒಳಗೆ ಬರ್ತದೆ, ಮುಂಬದಿಯಿಂದ ಸ್ನಾಯುವಿಗೆ ಅಪ್ಪಣೆ ಹೋಗ್ತದೆ. ಮೊಣಕಾಲಿನದ್ದೂ ಹೀಗೆಯೇ. ಇವರಿಗೆ ಪೆಟ್ಟು ಬಿದ್ದದ್ದು ಅದಕ್ಕಿಂತ ಮೇಲೆ. ಕೆಳಗಿನ ತುಂಡು ಈಗ ಎಚ್ಚರವಾಗಿದೆ. ಆದ್ರೆ ಮೆದುಳಿನ ಮಾತು ಅಲ್ಲಿಗೆ ಇನ್ನೂ ಮುಟ್ಟಿಲ್ಲ."

"ಮುಟ್ಟತದೇನ್ರಿ?"

"ಗೊತ್ತಿಲ್ಲ ಅಕ್ಕಾ. ಪಾದದಲ್ಲಿ ಈಗ ಒಂಚೂರು ಸ್ಪರ್ಶ ಗೊತ್ತಾಗ್ತದೆ, ಹಾಗಾಗಿ ಹುರಿ ಪೂರ್ತಿ ಕಡಿದಿಲ್ಲ. ಆಸೆ ಇಟ್ಟುಕೊಳ್ಳಿ. ಈ ಜಿಗಿತ ನೋಡಿ ಮಾತ್ರ ಇಟ್ಟುಕೊಳ್ಳಬೇಡಿ."

ಆ ಸಂಜೆ ನನಗೆ ವಿಚಿತ್ರ ಸಮಾಧಾನವಾಗಿತ್ತು. ಅಷ್ಟು ದಿನ ಎಲ್ಲರೂ ಸರಿಹೋಗ್ತದೆ ಅನ್ನುತ್ತಿದ್ದರು. ನನ್ನ ಬೆನ್ನಿನೊಳಗೆ ಏನಾಗಿದೆ ಎಂದು ಕೂತು ಹೇಳಿದವಳು ಇವಳೊಬ್ಬಳೇ.

ಅಲ್ಲಿಂದ ದಿನಾ ಕಣ್ಣು ಮುಚ್ಚಿ ಹೆಬ್ಬೆರಳಿಗೆ ಆಡು ಅನ್ನುತ್ತಿದ್ದೆ. ಒಂದು ಭಾನುವಾರ ಮಗಳು ಕಾಲಿನ ಹತ್ತಿರ ಕೂತಿದ್ದಳು. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲೇ ಉತ್ತರ. "ಬಾಬಾ, ಪುನ್ಹಾ ಕರ್" ಅಂದಳು. ಇನ್ನೊಮ್ಮೆ ಮಾಡು ಅಂತ. ಏನು ಮಾಡಿದೆನೋ ತಿಳಿಯದೆ ಇನ್ನೊಮ್ಮೆ ಪ್ರಯತ್ನಿಸಿದೆ. ಎಡಗಾಲಿನ ಹೆಬ್ಬೆರಳು ಒಂದು ಕೂದಲೆಳೆಯಷ್ಟು ಬಾಗಿತಂತೆ. ಅವಳು ಓಡಿಹೋಗಿ ಡಾಕ್ಟರನ್ನು ಕರೆತಂದಳು. ಡಾಕ್ಟರ್ ಸುತ್ತಿಗೆಯನ್ನು ಜೇಬಿನಿಂದ ತೆಗೆಯಲಿಲ್ಲ. "ಈಗ ಬಲದ್ದು ಬೇಡ, ಎಡದ್ದು ಮಾತ್ರ. ಈಗ ನಿಲ್ಲಿಸಿ. ಮತ್ತೆ" ಎಂದು ಮೂರ್ನಾಲ್ಕು ಸಲ ಹೇಳಿ ಮಾಡಿಸಿದಳು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಕ್ಕಾ, ಇದು ಇವರೇ ಆಡಿಸಿದ್ದು" ಅಂದಳು.

ನಿಲ್ಲಲು ತಿಂಗಳುಗಳು ಹಿಡಿದವು, ಠಾಣೆಯಲ್ಲಿನ ನನ್ನ ಆಫೀಸಿಗೆ ಮರಳಲು ವರ್ಷದ ಮೇಲಾಯಿತು. ಬಲಗಾಲು ಇನ್ನೂ ಬಿಗಿ, ಕೋಲು ಬೇಕು. ಬೆಳಗಿನ ಲೋಕಲ್‌ನಲ್ಲಿ ಮೊದಲು ದಿನಾ ಜೊತೆಗೆ ಓಡಾಡುತ್ತಿದ್ದ ನನ್ನ ಹಳೆಯ ಗುಂಪಿನವರು ಕೇಳದೆಯೇ ಎದ್ದು ಜಾಗ ಕೊಡುತ್ತಾರೆ. ಕೆಲವು ಬೆಳಿಗ್ಗೆ ಹಾಸಿಗೆಯಲ್ಲೇ ಬಲಗಾಲು ತಾನಾಗಿ ನಡುಗತೊಡಗುತ್ತದೆ. ಮೇಲಿನಿಂದ ಮೆದುಳಿನ ಹಿಡಿತ ಪೂರ್ತಿ ಬಂದಿಲ್ಲ, ಅದಕ್ಕೆ ಹುರಿ ಹೀಗೆ ಮಾಡುತ್ತದೆ ಎಂದು ಈಗ ಗೊತ್ತು, ಹೆದರಿಕೆ ಇಲ್ಲ. ಹೆಂಡತಿ ಎರಡೂ ಕೈಯಿಂದ ಪಾದವನ್ನು ಮೆಲ್ಲಗೆ ಒತ್ತಿ ಹಿಡಿದು, ಅದು ಶಾಂತವಾಗುವವರೆಗೆ ಕಾಯುತ್ತಾಳೆ. ಅವಳ ಅಂಗೈ ಬೆಚ್ಚಗಿರುವುದು ನನಗೆ ತಿಳಿಯುತ್ತದೆ.