ಕಾಕಾನ ವಿಮಾನ, ಮುತ್ಯಾನ ಕಣ್ಣು

ಆಗಿನ ದಿನಗಳಲ್ಲಿ ನಮ್ಮ ಭಂಕೂರದಲ್ಲಿ ತಲೆ ಎತ್ತಿ ಆಕಾಶ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಊರಿಗೆ ಊರೇ ಬಗ್ಗಿ ನೆಲಕ್ಕೆ ಹಾಸುವ ಫರಸಿ ಕಲ್ಲು ನೋಡುತ್ತಿತ್ತು. ಅಂಥ ಊರಿನಲ್ಲಿ, ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ, ನಮ್ಮ ಹಿತ್ತಲ ಬೇವಿನ ಗಿಡದ ಕೆಳಗೆ ಕಾಕಾ, ಅಂದರೆ ಅಪ್ಪನ ತಮ್ಮ, ಒಂದು ವಿಮಾನ ಕಟ್ಟುತ್ತಿದ್ದ. ಒಬ್ಬನೇ ಕೂರುವಂಥದು. ಹಳೆಯ ಕಾರಿನ ಎಂಜಿನ್ನು, ಕಬ್ಬಿಣದ ಕೊಳವೆಗಳು, ಹಗುರ ಕಟ್ಟಿಗೆ, ಮೇಲೆ ಹೊದಿಸಲು ಮಾದರಪಾಟು ಬಟ್ಟೆ.

ಕಾಕಾ ಕಲ್ಲಿನ ಗಣಿ ಬಿಟ್ಟು ಶಹಾಬಾದಿನಲ್ಲಿ ಮೋಟಾರು ರಿಪೇರಿಗೆ ಸೇರಿದ ದಿನದಿಂದ ಮುತ್ಯಾ, ಅಂದರೆ ಕಲ್ಲು ಕಡಿಯುತ್ತಲೇ ಮುದುಕನಾದ ನನ್ನ ಅಜ್ಜ, ಅವನೊಂದಿಗೆ ಮಾತು ಬಿಟ್ಟಿದ್ದ. ಒಂದೇ ಮನೆ, ಅವ್ವ ಬಡಿದ ಅದೇ ರೊಟ್ಟಿ, ಅದೇ ಶೇಂಗಾ ಹಿಂಡಿ ಚಟ್ನಿ. ಮಾತು ಮಾತ್ರ ನನ್ನ ಕೈಯಲ್ಲಿ ಕಳಿಸುತ್ತಿದ್ದರು.

ಕಾಕಾ ಮುಂಜಾನೆ ಸೂಸಲಾ ತಿಂದು ಕೆಲಸಕ್ಕೆ ಹೋದ ಮೇಲೆ ಮುತ್ಯಾ ಹಿತ್ತಲಿಗೆ ಬರುತ್ತಿದ್ದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ವಿಮಾನದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಕಲ್ಲಿನ ಅಂಚು ನೋಡುವ ಹಾಗೆ ಗಲ್ಲ ತಾಗಿಸಿ ಉದ್ದಕ್ಕೆ ನೋಡುತ್ತಿದ್ದ. ಅಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದ ನನ್ನನ್ನು ಅವನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ನೋಡಿ ಮುಗಿದ ಮೇಲೆ ಮಾತ್ರ ಕರೆಯುತ್ತಿದ್ದ.

“ಗೌರಾ, ನಿಮ್ಮ ಕಾಕಾಗ ಹೇಳು. ಮೂಗು ಎಮ್ಮಿ ಮಾರಿ ಹಂಗ ಆಗ್ಯಾದ. ನೋಡಾಕ ಆಗಂಗಿಲ್ಲ.”

ಸಂಜೆ ಕಾಕಾ ಸೈಕಲ್ ಇಳಿಯುವ ಮೊದಲೇ ಕೇಳುತ್ತಿದ್ದ, “ಮುತ್ಯಾ ಏನಂದ?”

ಹೇಳುತ್ತಿದ್ದೆ. ಅವನ ಮುಖ ಸಣ್ಣದಾಗುತ್ತಿತ್ತು. ಆದರೂ ಮೂಗಿನ ತಗಡು ಬಿಚ್ಚಿ ಮತ್ತೆ ಬಡಿಯುತ್ತಿದ್ದ. ಆ ಮೂಗನ್ನು ಮೂರು ಸಲ ಬಿಚ್ಚಿದ. ಮೂರನೆಯ ಸಲ ನನ್ನ ಅಂಗೈಯನ್ನು ಮೂಗಿನಿಂದ ಬಾಲದವರೆಗೆ ಸವರಿಸಿ ಕೇಳಿದ, “ಎಲ್ಲ್ಯಾರ ಕೈ ತಡೀತೇನು? ತಡದ್ರ ಅದು ಕೆಟ್ಟ ಕಾಣ್ತದ. ಗಾಳಿಗೂ ಅಲ್ಲೇ ತಡೀತದ.” ನನ್ನ ಕೈ ಎಲ್ಲೂ ತಡೆಯಲಿಲ್ಲ.

ನನಗೆ ಚಂದವೆಂದರೆ ಬೇರೆ ಇತ್ತು. ಬಟ್ಟೆ ಹೊದಿಸಿದ ಮೇಲೆ ಪಕ್ಕಕ್ಕೆ ಒಂದು ಕೆಂಪು ಪಟ್ಟಿ ಬಳಿಯುವುದಿತ್ತು; ಆ ಬ್ರಷ್ಷು ನನ್ನ ಕೈಗೆ ಕೊಡುತ್ತೇನೆಂದು ಕಾಕಾ ಮಾತು ಕೊಟ್ಟಿದ್ದ. ಕೆಂಪು ಬಣ್ಣದ ಡಬ್ಬಿ ತಂದಿಟ್ಟಾಗಿತ್ತು. ನಾನು ದಿನಕ್ಕೆ ಹತ್ತು ಸಲ ಮುಚ್ಚಳದ ಸಂದಿಗೆ ಮೂಗಿಟ್ಟು ಬರುತ್ತಿದ್ದೆ. ಸಾಲೆ ಶುರುವಾಗಲು ನಾಲ್ಕೇ ದಿನ ಉಳಿದಿತ್ತು.

ಅವತ್ತು ಮುತ್ಯಾ ಬಲರೆಕ್ಕೆಯ ತುದಿಯಲ್ಲಿ ಕುಳಿತವನು ಬಹಳ ಹೊತ್ತು ಏಳಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಕೊನೆಗೆ ನನ್ನನ್ನು ಕರೆದಾಗ ದನಿ ಎಂದಿನಂತೆ ಇರಲಿಲ್ಲ.

“ಅವ್ವಾ, ಕಾಕಾಗ ಹೇಳು. ಈ ರೆಕ್ಕಿ ತಿರುಚ್ಯಾದ, ಹಿಂದಿನ ಅಂಚು ಮ್ಯಾಲ ಎದ್ದದ. ಅರಿವಿ ಹೊಚ್ಚಿದ್ರ ಕಾಣಂಗಿಲ್ಲ. ಮೊದಲ ಬಿಚ್ಚಿ ನೆಟ್ಟಗ ಮಾಡು ಅನ್ನು.” ಎದ್ದು ಧೋತರ ಜಾಡಿಸುತ್ತ ಅಂದ, “ನನಗ ಅಂಜಿಕಿ ಬರಾಕತ್ತದ, ಅಂತ ಹೇಳು.”

ರೆಕ್ಕೆ ಬಿಚ್ಚಿದರೆ ಮತ್ತೆ ಹದಿನೈದು ದಿನ. ನನಗೆ ಕಂಡದ್ದು ಅಷ್ಟೇ. ಅದರ ಜೊತೆ ಕಾಕಾನ ಸಣ್ಣ ಮುಖವನ್ನು ಮತ್ತೆ ನೋಡುವುದೂ ಬೇಡವಾಗಿತ್ತು. ಒಂದು ಒಳ್ಳೆಯ ಮಾತು ಹೇಳಿದರೆ ಇಬ್ಬರೂ ಮಾತಾಡಿಯಾರು ಎಂದೂ ಅನ್ನಿಸಿತ್ತು. ಆದರೆ ಅದೇ ಮೊದಲ ಕಾರಣವೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಮೊದಲ ಕಾರಣ ಕೆಂಪು ಬಣ್ಣ.

“ಮುತ್ಯಾ ಏನಂದ?”

“ಚಂದ ಅದ ಅಂದ.”

ಕಾಕಾ ಸೈಕಲ್ಲನ್ನು ಗೋಡೆಗೆ ಆನಿಸುವುದನ್ನೂ ಮರೆತು ನಿಂತ. ಇನ್ನೊಮ್ಮೆ ಹೇಳಿಸಿದ. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಮರುದಿನವೇ ಬಟ್ಟೆ ಹೊದಿಸಿದ. ಅದು ಒಣಗಿದ ಮೇಲೆ ನಾನು ಪಟ್ಟಿ ಬಳಿದೆ. ಬಟ್ಟೆ ಹೊದ್ದ ರೆಕ್ಕೆಗಳು ಎರಡೂ ಒಂದೇ ತರಹ ಕಂಡವು. ಅಷ್ಟು ಚಂದದ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಳೆಗೆ ಮೊದಲು, ತೊಗರಿ ಕಿತ್ತ ಬಯಲು ಹೊಲದಲ್ಲಿ ಅದು ಓಡಿತು. ಚಕ್ರಗಳು ನೆಲ ಬಿಟ್ಟವು. ಆಳೆತ್ತರಕ್ಕೆ ಏರಿರಬಹುದು, ಬಲರೆಕ್ಕೆ ವಾಲಿತು, ತುದಿ ನೆಲಕ್ಕೆ ತಾಗಿತು. ಕೆಂಪು ಪಟ್ಟಿ ನಡುವೆ ಹರಿದುಹೋಯಿತು. ಕಾಕಾನ ಬಲಗೈ ಮೊಣಕೈ ಹತ್ತಿರ ಮುರಿಯಿತು.

ಮುತ್ಯಾ ಹೊಲಕ್ಕೆ ಬಂದಿರಲಿಲ್ಲ. ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಳಿತಲ್ಲೇ ಅಂದ, “ಅಂಜಿಕಿ ಬರ್ತದ ಅಂತ ಬಾಯಿ ಬಿಟ್ಟು ಹೇಳಿ ಕಳಿಸ್ದೆ. ಅದನ್ನೂ ಕೇಳಲಿಲ್ಲ ಅಂವ.” ನನ್ನ ಕಡೆ ನೋಡಲಿಲ್ಲ. ನಾನು ಕಂಬ ಹಿಡಿದು ನಿಂತೇ ಇದ್ದೆ. ಹೇಳಬೇಕಿತ್ತು. ಹೆದರಿ ಹಿತ್ತಲಿಗೆ ಓಡಿದೆ. ಅಲ್ಲಿಂದ ಮುಂದೆ ಮುತ್ಯಾ ನನ್ನ ಕೈಯಲ್ಲೂ ಯಾವ ಮಾತನ್ನೂ ಕಳಿಸಲಿಲ್ಲ. ಆ ಚಳಿಗಾಲದಲ್ಲಿ ತೀರಿಕೊಂಡ.

ಹೋದ ತಿಂಗಳು ಶಹಾಬಾದಿಗೆ, ಕಾಕಾನ ಮನೆಗೆ ಹೋಗಿದ್ದೆ. ಎಲ್ಲವನ್ನೂ ಹೇಳಿಯೇ ಬರಬೇಕೆಂದು ಹೋದದ್ದು. ಕಾಕಾನ ಕೈ ಸೊಟ್ಟಗೇ ಕೂಡಿದೆ. ಚಹಾ ಬಶಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ಮಾತು ತಾನಾಗಿ ವಿಮಾನದ ಕಡೆ ಹೊರಳಿತು.

“ಊರೆಲ್ಲಾ ನಗ್ತು, ನಗಲಿ. ನಮ್ಮಪ್ಪ ಜನ್ಮದಾಗ ಒಮ್ಮಿ ನನ್ನ ಕೆಲಸಕ್ಕ ಚಂದ ಅದ ಅಂದ. ಅದ ಸಾಕು,” ಎಂದ. ಆಮೇಲೆ ಬಶಿ ಕೆಳಗಿಟ್ಟ. “ಆದ್ರ ಗೌರಾ, ಮಗ ಹಾರಾಕ ಹೊಂಟಾನ, ಏನಾರ ಆದೀತು ಅಂತ ಅವನಿಗಿ ಒಂದೀಟೂ ಅಂಜಿಕಿ ಬರಲಿಲ್ಲ ನೋಡು.”

ಅವನು ಇಷ್ಟು ವರ್ಷ ಹುಡುಕಿದ ಆ ಅಂಜಿಕೆ ನನ್ನ ಹತ್ತಿರವೇ ಇತ್ತು. ಅದನ್ನು ಕೊಡಬೇಕೆಂದರೆ ಅವನ ಹತ್ತಿರ ಇರುವ ಒಂದೇ ಒಂದನ್ನು ಕಸಿದುಕೊಳ್ಳಬೇಕು. ಯಾವುದು ಅವನಿಗೆ ದೊಡ್ಡದೆಂದು ನಾನು ಹೇಗೆ ಹೇಳಲಿ?

ಹಿತ್ತಲ ಬೇವು ಈಗಿಲ್ಲ. ಎಂಜಿನ್ನು ಎಂದೋ ಗುಜರಿಗೆ ಹೋಯಿತು. ಒಂದು ಕಣ್ಣು ಮುಚ್ಚಿ ಅಂಚು ನೋಡುವವರೂ ಊರಲ್ಲಿ ಉಳಿದಿಲ್ಲ. ಅದನ್ನೂ ಮಷೀನೇ ನೋಡುತ್ತದೆ. “ಮುತ್ಯಾ ಏನಂದ?” ಎಂದು ಕಾಕಾ ಹೋದ ತಿಂಗಳು ಒಮ್ಮೆ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅವನು ಕೇಳಲಿಲ್ಲ. ಏನಂದನೆಂದು ಅವನಿಗೆ ಗೊತ್ತಿದೆಯಲ್ಲ.