ಎಮರ್ಜೆನ್ಸಿ ಸ್ವಿಚ್ಚಿಗೆ ನಾನು ಹಾಕಿದ ಸೀಲು

ಮೂರು ವರ್ಷದ ಹಿಂದಿನ ಮಾತು. ನನ್ನ ನಿವೃತ್ತಿಗೆ ಇನ್ನೊಂದೇ ವರ್ಷವಿತ್ತು. ಮಧುಗಿರಿಯಲ್ಲಿ ಮನೆ ಮಾಡಿಕೊಂಡು ಶಿರಾ, ಕೊರಟಗೆರೆ, ಪಾವಗಡ ಕಡೆಯ ಸಣ್ಣ ಆಸ್ಪತ್ರೆಗಳ ಸೋಲಾರ್ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ನಿಡುಗಲ್ಲಿನಾಚೆಯ ಒಂದು ಹಳ್ಳಿಯ ಹೆರಿಗೆ ಆಸ್ಪತ್ರೆಗೆ ಸೋಲಾರ್ ಪ್ಯಾನೆಲ್ಲುಗಳೇ ಛಾವಣಿ. ಹೆಂಚೂ ಇಲ್ಲ, ಶೀಟೂ ಇಲ್ಲ. ಹಗಲಿನ ವಿದ್ಯುತ್ತು ಹಿಂಬದಿ ಕೋಣೆಯ ಲಿಥಿಯಂ ಬ್ಯಾಟರಿಗಳಲ್ಲಿ ಶೇಖರವಾಗುತ್ತಿತ್ತು. ಚಾರ್ಜು ಶೇಕಡ ಇಪ್ಪತ್ತಕ್ಕೆ ಇಳಿದರೆ ಬಿ.ಎಂ.ಎಸ್., ಅಂದರೆ ಬ್ಯಾಟರಿಯ ಕಾವಲುಗಾರ, ತಾನಾಗಿಯೇ ಸರಬರಾಜು ನಿಲ್ಲಿಸುತ್ತದೆ. ತೀರಾ ಬರಿದಾದರೆ ಬ್ಯಾಟರಿ ಕೆಡುತ್ತದೆಂದು ಈ ಏರ್ಪಾಡು. ಪ್ರಾಣಾಪಾಯದ ಹೊತ್ತಿನಲ್ಲಿ ಉಳಿದದ್ದನ್ನು ಬಳಸಲು ಪಕ್ಕದಲ್ಲೇ ಒಂದು ಎಮರ್ಜೆನ್ಸಿ ಸ್ವಿಚ್ ಇತ್ತು.

ಇನ್ನೊಂದು ಆಸ್ಪತ್ರೆಯಲ್ಲಿ ಸಿಬ್ಬಂದಿ ಅಂಥದೇ ಸ್ವಿಚ್ ಹಾಕಿ ಫ್ಯಾನು, ಟಿ.ವಿ. ಓಡಿಸಿ ಬ್ಯಾಟರಿಗಳನ್ನು ಕೊಂದಿದ್ದರು. ನಾನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಸ್ವಿಚ್ಚಿನ ಪೆಟ್ಟಿಗೆಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ರುಜು ಹಾಕಿ, ಮೊಹರು ಒತ್ತಿದೆ. "ಇದನ್ನ ಮುಟ್ಟಿದ್ರೆ ಕೆಲಸ ಕಳ್ಕೋತೀರಿ," ಎಂದು ನರ್ಸ್ ನಸ್ರೀನ್‌ಗೆ ಎಲ್ಲರೆದುರೇ ಗದರಿದೆ. ಶಿರಾದ ಹೆಣ್ಣುಮಗಳು, ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ.

ಆ ಕಾರ್ತಿಕದಲ್ಲಿ ಸೈಕ್ಲೋನಿನ ಮೋಡ ಮೂರು ದಿನ ಕವಿದಿತ್ತು. ಕಂಬ ಬಿದ್ದು ಊರಿನ ಕರೆಂಟೂ ಹೋಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನಸ್ರೀನ್ ಫೋನು ಮಾಡಿದಳು.

"ಸಾರ್, ಆಕ್ಸಿಜನ್ ಮಿಷಿನ್ ನಿಂತೋಯ್ತು. ಇವತ್ತು ಹುಟ್ಟಿದ ಮಗು, ಉಸಿರಾಡ್ತಿಲ್ಲ ಸರ್ಯಾಗಿ. ಸಿಲಿಂಡರೂ ಖಾಲಿ. ಆಂಬುಲೆನ್ಸ್ ಬರಾಕೆ ಎರಡು ಗಂಟೆ ಆಯ್ತದಂತೆ."

"ಸೀಲ್ ಕಿತ್ತಾಕಿ ಸ್ವಿಚ್ ಹಾಕಮ್ಮ."

"ಮುಟ್ಬೇಡ ಅಂತ ನೀವೇ ಹೇಳಿದ್ರಲ್ಲ ಸಾರ್. ಬರ್ದು ಕಳ್ಸಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಕಡಿಯಿತು. ಮೆಸೇಜು ಹಾಕಿದೆ, ಹೋಗಲಿಲ್ಲ. ಮತ್ತೆ ಮತ್ತೆ ಕರೆ ಮಾಡಿದೆ, ಸಿಗಲಿಲ್ಲ. ಜೀಪು ಹತ್ತಿದೆ. ಒಂದೂವರೆ ಗಂಟೆಯ ದಾರಿ. ಮಗುವಿನ ಉಸಿರಿಗೂ ಬ್ಯಾಟರಿಯಲ್ಲಿ ಉಳಿದಿದ್ದ ಕರೆಂಟಿಗೂ ನಡುವೆ ಅಡ್ಡ ನಿಂತಿದ್ದದ್ದು ನನ್ನ ರುಜು. ಸತ್ತರೆ ಕೊಂದವನು ನಾನೇ ಎಂದು ದಾರಿಯುದ್ದಕ್ಕೂ ಬಾಯಿಬಿಟ್ಟೇ ಹೇಳಿಕೊಂಡೆ. ಯಾವತ್ತೂ ಹರಕೆ ಹೊರದವನು ಅಂದು ಕಂಡ ಗುಡಿಗೆಲ್ಲ ಹೊತ್ತೆ.

ತಲುಪಿದಾಗ ಮಿಷಿನ್ ಓಡುತ್ತಿತ್ತು. ನಸ್ರೀನ್ ಗೋಡೆಗೊರಗಿ ಕೂತಿದ್ದಳು. ಮಿಷಿನ್ ಮತ್ತೆ ಶುರುವಾಗುವವರೆಗೆ ಹನ್ನೆರಡು ನಿಮಿಷ ಅಂಬು ಬ್ಯಾಗ್ ಎಂಬ ಗಾಳಿಚೀಲವನ್ನು ಕೈಯಲ್ಲೇ ಒತ್ತಿ ಒತ್ತಿ ಮಗುವಿಗೆ ಉಸಿರು ಕೊಟ್ಟಿದ್ದಳು. ಸೀಲು ಕಿತ್ತವಳು ಅವಳಲ್ಲ, ಮಗುವಿನ ಅಜ್ಜಿ ನರಸಮ್ಮ.

"ಮಗೀನ ಬುಡಂಗಿಲ್ಲ, ಕಾಗ್ದ ಕೀಳಂಗಿಲ್ಲ ಅಂತ ಈ ಅಮ್ಮಾಯಿ ಅಳ್ತಿದ್ಲು," ಎಂದಳು ಅಜ್ಜಿ. "ಯಾವ ಸ್ವಿಚ್ಚು ತೋರ್ಸವ್ವ ಅಂದೆ, ಕಿತ್ತಾಕ್ಬುಟ್ಟೆ. ನಂಗೇನು ಓದಾಕ್ ಬತ್ತದಾ? ನಂದೇನು ಕೆಲ್ಸ ಓಯ್ತದಾ?" ನಾನು ಯಾರೆಂದು ಅವಳಿಗೆ ತಿಳಿಯದು. "ಅದನ್ನ ಅಂಟಿಸ್ದೋನಿಗೆ ಮಕ್ಳಿಲ್ವೇನಪ್ಪ?" ಎಂದು ನನ್ನನ್ನೇ ಕೇಳಿದಳು.

ನಾನೇ ಎನ್ನುವ ಧೈರ್ಯ ನನಗೆ ಬರಲಿಲ್ಲ. ನಸ್ರೀನ್ ತಲೆ ತಗ್ಗಿಸಿದಳೇ ಹೊರತು ನನ್ನ ಕಡೆ ಬೆರಳು ತೋರಿಸಲಿಲ್ಲ. ಅಷ್ಟರಲ್ಲಿ ಆಂಬುಲೆನ್ಸ್ ಬಂತು.

ಮಗು ಉಳಿಯಿತು. ಮುಂದೆ ನಾನು ಎಲ್ಲಿ ಬ್ಯಾಟರಿ ಕೂರಿಸಿದರೂ, ಅಲ್ಲಿ ಎಲ್ಲರಿಗಿಂತ ಹೊಸಬರ ಕೈಯಿಂದಲೇ ಆ ಸ್ವಿಚ್ ಒಮ್ಮೆ ಹಾಕಿಸಿ ನೋಡುತ್ತಿದ್ದೆ. ಕೆಟ್ಟ ಬ್ಯಾಟರಿಯನ್ನು ಬದಲಾಯಿಸಬಹುದು. ಒಬ್ಬರಲ್ಲಿ ಹುಟ್ಟಿಸಿದ ಹೆದರಿಕೆಯನ್ನು ಮಾತ್ರ, ಬೇಕಾದ ಹೊತ್ತಿಗೆ ಫೋನು ಮಾಡಿ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.